ಅರ್ಪಿತ ಫ್ರೆಂಚಿನಲ್ಲಿ ಒಪ್ಪಿಕೊಂಡ ತಪ್ಪು

ಫ್ರೆಂಚ್ ಕಲಿಯುತ್ತೇನೆಂದು ಅರ್ಪಿತ ಕನಸಿನಲ್ಲೂ ಅಂದುಕೊಂಡವಳಲ್ಲ. ಬೂದಿಗೆರೆಯ ಆಚೆಯ ಹಳ್ಳಿಯೊಂದರ ಸೊಸೆ ಅವಳು, ತವರು ತ್ಯಾಮಗೊಂಡ್ಲು ಕಡೆ. ದೇವನಹಳ್ಳಿ ಹತ್ತಿರದ ಕಾರ್ಖಾನೆಯಲ್ಲಿ ವಿಮಾನದ ಹೊಟ್ಟೆಯೊಳಗೆ ಹೋಗುವ ವೈರುಗಳನ್ನು ಕಂತೆ ಕಟ್ಟುವ ಕೆಲಸಕ್ಕೆ ಸೇರಿ, ಕೈ ಚುರುಕು, ಬಾಯಿ ಕಮ್ಮಿ ಎಂಬ ಎರಡೇ ಗುಣಗಳಿಂದ ಲೈನ್ ಲೀಡರ್ ಆದಳು. ಬಾಯಿ ಕಮ್ಮಿ ಇರುವವರನ್ನು ಹುಡುಕಿ ಮೇಲಕ್ಕೆ ಹತ್ತಿಸುವುದು, ಹತ್ತಿಸಿದ ಮೇಲೆ ಯಾಕೆ ಮಾತಾಡುವುದಿಲ್ಲ ಎಂದು ಗದರುವುದು, ಇದು ಕಾರ್ಖಾನೆಗಳ ನ್ಯಾಯ.

ಕಾರ್ಖಾನೆಯ ಮೂಲ ಮಾಲೀಕರು ಫ್ರಾನ್ಸಿನವರು. ವಾರಕ್ಕೊಮ್ಮೆ ಪರದೆಯ ಮೇಲೆ ಬಂದು ಕೂರುತ್ತಿದ್ದರು. ಯಾವುದಾದರೂ ಕಂತೆಯಲ್ಲಿ ದೋಷ ಕಂಡರೆ ಯಾರು ಏನು ಮಾಡಿದರು, ಅದರಿಂದ ಏನಾಯಿತು ಎಂದು ಎಳೆ ಹಿಡಿದು ಕೇಳುತ್ತಿದ್ದರು. ನಮ್ಮವರು "ಸ್ವಲ್ಪ ಪ್ರಾಬ್ಲಮ್ ಆಗೋಯ್ತು ಸರ್, ಇನ್ಮೇಲೆ ಆಗಲ್ಲ, ಸಾರಿ" ಎಂದು ತಲೆ ಬಗ್ಗಿಸುತ್ತಿದ್ದರು. ಅವರಿಗೆ ಸಾರಿ ಬೇಡ, ಕಾರಣ ಬೇಕು. ನಮಗೋ ಸಾರಿ ಹೇಳುವುದು ನೀರು ಕುಡಿದಷ್ಟು ಸುಲಭ. ಕಾರಣ ಹೇಳಹೊರಟರೆ ಯಾರದೋ ಹೆಸರು ಹೇಳಬೇಕಾಗುತ್ತದೆ, ನಾಳೆ ಅವರ ಪಕ್ಕದಲ್ಲೇ ಕೂತು ಊಟ ಮಾಡಬೇಕಾಗುತ್ತದೆ. ಈ ಹಗ್ಗಜಗ್ಗಾಟ ಸಾಕಾಗಿ ಮೇಲಿನವರು ಲೈನ್ ಲೀಡರುಗಳಿಗೆಲ್ಲ ಶನಿವಾರ ಮಧ್ಯಾಹ್ನ ಫ್ರೆಂಚ್ ಪಾಠ ಇಟ್ಟರು.

ಪಾಠ ಹೇಳಲು ಬರುತ್ತಿದ್ದವರು ಎಲೋಡಿ, ಬೆಂಗಳೂರಿನಲ್ಲಿ ನೆಲೆಸಿದ್ದ ಫ್ರೆಂಚ್ ಹೆಂಗಸು. ಎಲ್ಲರೂ ಮದಾಂ ಅನ್ನುತ್ತಿದ್ದರು. ಕ್ಯಾಂಟೀನಿನ ಚಿತ್ರಾನ್ನವನ್ನು ಮೆಣಸಿನಕಾಯಿ ಸಮೇತ ತಿಂದು ಮೂಗು ಒರೆಸಿಕೊಳ್ಳುತ್ತಲೇ ಪಾಠ ಶುರು ಮಾಡುವವರು. ನಕ್ಕರೆ ನಗುತ್ತಿದ್ದರು, ತಪ್ಪಾದರೆ ಕಾಯುತ್ತಿದ್ದರು. ಕಾಯುವುದೇ ಅವರ ದೊಡ್ಡ ವಿದ್ಯೆ.

ಆ ಶನಿವಾರದ ಪಾಠ, ನಾವು ಮಾಡಿದ ಕೆಲಸದಿಂದ ಕೆಟ್ಟದ್ದೇನಾದರೂ ಆದರೆ ಅದನ್ನು ಹೇಳುವ ಬಗೆ. ಒಬ್ಬೊಬ್ಬರೂ ಎದ್ದು ನಿಂತು ತಮ್ಮ ಬಾಳಿನದೇ ಒಂದು ಸಂಗತಿ ಹೇಳಬೇಕು. ಹೊಸಕೋಟೆಯ ಮೂರ್ತಿ ಮೊದಲು ಎದ್ದ. ಸ್ಟೋರಿನವನು, ಬಾಯಿ ಬಿಟ್ಟರೆ ತಮಾಷೆ. ನೇರಳೆ ಮರದ ಕೆಳಗೆ ಬೈಕು ನಿಲ್ಲಿಸಿದೆ, ಬಿಳಿ ಪ್ಯಾಂಟು ಹಾಕಿ, ನೋಡದೆ, ಸೀಟಿಗೆ ಬಿದ್ದಿದ್ದ ಹಣ್ಣಿನ ಮೇಲೆ ಕೂತೆ, ಹಾಗೇ ಹೆಣ್ಣು ನೋಡಲು ಹೋದೆ, ಹೆಣ್ಣಿನ ಮನೆಯವರು ಕಾಫಿಯನ್ನೂ ಕೊಡದೆ ಕಳಿಸಿದರು ಎಂದು ಅರೆಬರೆ ಫ್ರೆಂಚಿನಲ್ಲಿ, ಉಳಿದದ್ದನ್ನು ಕೈಸನ್ನೆಯಲ್ಲಿ ಹೇಳಿದ. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು.

ಮುಂದಿನ ಸರದಿ ಅರ್ಪಿತಳದು. ಒಲೆಯ ಮೇಲೆ ಹಾಲಿಟ್ಟು ಫೋನಿನಲ್ಲಿ ಮಾತಾಡುತ್ತ ಕೂತೆ, ಹಾಲು ಉಕ್ಕಿತು ಎಂದು ಹೇಳಲು ಬಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದಳು. ಎದ್ದು ನಿಂತಾಗ ಬಾಯಿಂದ ಬಂದದ್ದು ಬೇರೆ. "ನಾನು ಹುಳಗಳ ಮನೆಯೊಳಗೆ ಹೋದೆ. ಹುಳಗಳು ಸತ್ತವು." ಸ್ವಲ್ಪ ತಡೆದು ಸೇರಿಸಿದಳು: "ಅ ಕೋಜ್ ದ ಮ್ವಾ." ನನ್ನಿಂದಾಗಿ. ಮನೆಯ ಹೊರಗೆ ಯಾರೆದುರೂ ಇಷ್ಟು ವರ್ಷ ಕನ್ನಡದಲ್ಲಿ ಆಡದಿದ್ದ ಮಾತು, ಯಾರಿಗೂ ಸರಿಯಾಗಿ ಬಾರದ ಭಾಷೆಯಲ್ಲಿ ಸಲೀಸಾಗಿ ಹೊರಬಿದ್ದಿತ್ತು.

ಮದುವೆಯಾದ ಹೊಸತು. ಗಂಡ ಆನಂದನ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ತೆಂಗು, ರಾಗಿ ಬಿಟ್ಟರೆ ಬೇರೆ ಕಾಣದ ಮನೆಯಿಂದ ಬಂದ ಅರ್ಪಿತಳಿಗೆ ಹುಳು ಮನೆ ಎಂದರೆ ಹುಚ್ಚು ಹಿಡಿಯಿತು. ಅತ್ತೆ ಅಕ್ಕಯಮ್ಮ ಒಂದೊಂದೇ ಕಲಿಸಿದರು: ಹಿಪ್ಪುನೇರಳೆ ಸೊಪ್ಪು ಎಷ್ಟು ಎಳೆಯದಿರಬೇಕು, ಹುಳು ಪೊರೆ ಬಿಡಲು ಜ್ವರಕ್ಕೆ ಕೂತಾಗ ಯಾಕೆ ಸೊಪ್ಪು ಹಾಕಬಾರದು, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಹೇಗೆ ಬಿಡಬೇಕು. ಅತ್ತೆ ಸೊಸೆ ಇಬ್ಬರೂ ತಟ್ಟೆಗಳ ಮಧ್ಯೆ ಕೂತು ಹುಳು ಸೊಪ್ಪು ಮೇಯುವ ಸದ್ದು ಕೇಳುತ್ತ ಗಂಟೆಗಟ್ಟಲೆ ಹರಟುತ್ತಿದ್ದರು. ತನ್ನ ತಾಯಿಯ ಜೊತೆಗೂ ಅವಳು ಅಷ್ಟು ಮಾತಾಡಿದ್ದಿಲ್ಲ.

ಹುಳು ಮನೆಗೆ ಅದರದೇ ಮಡಿ. ಚಪ್ಪಲಿ ಆಚೆ, ಕಾಲು ತೊಳೆದೇ ಒಳಗೆ, ಹೊರಗಿನವರಿಗೆ ಪ್ರವೇಶವಿಲ್ಲ. ಮುಟ್ಟಾದ ಹೆಂಗಸರಂತೂ ಹೊಸ್ತಿಲು ತುಳಿಯುವಂತಿಲ್ಲ, ಹುಳು ಕೆಡುತ್ತದೆ ಎಂಬ ನಂಬಿಕೆ. ಅಂಥ ಒಂದು ದಿನ ಅಕ್ಕಯಮ್ಮ ನಂಟರ ಮದುವೆಗೆ ಹೋಗಿದ್ದರು. ಹುಳುಗಳು ಇನ್ನೇನು ಹಣ್ಣಾಗುವ ಹೊತ್ತು, ಹೊಟ್ಟೆಬಾಕತನದ ಹೊತ್ತು. ಕೊಯ್ದು ತಂದ ಸೊಪ್ಪು ಬಾಗಿಲಲ್ಲಿತ್ತು, ಹಾಕುವವರಿರಲಿಲ್ಲ. ಬೆಳಿಗ್ಗೆಯಷ್ಟೇ ಮುಟ್ಟಾಗಿದ್ದ ಅರ್ಪಿತ ತಟ್ಟೆಗಳಲ್ಲಿ ತಲೆ ಎತ್ತಿ ಹುಡುಕುತ್ತಿದ್ದ ಹುಳುಗಳನ್ನು ನೋಡಲಾರದೆ ಒಳಗೆ ಹೋಗಿ ಸೊಪ್ಪು ಹಾಕಿಬಿಟ್ಟಳು. ಸಂಜೆಯ ಹೊತ್ತಿಗೆ ಹುಳುಗಳು ಹಸಿರು ಕಕ್ಕಿ, ಹೊರಳಾಡಿ, ತಟ್ಟೆಗೆ ತಟ್ಟೆಯೇ ಸತ್ತು ಬಿದ್ದವು. ಮದುವೆಯಿಂದ ಬಂದ ಅತ್ತೆಯ ಮುಂದೆ, ಹೊಲದಿಂದ ಬಂದ ಮಾವ ಪಿಳ್ಳಪ್ಪನವರ ಮುಂದೆ, ಅವಳು ಅಳುತ್ತ ತಾನೇ ಒಪ್ಪಿಕೊಂಡಳು. ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ.

ಇಷ್ಟನ್ನೂ ಫ್ರೆಂಚಿನಲ್ಲಿ ಹೇಳುವಷ್ಟು ಅವಳು ಕಲಿತಿರಲಿಲ್ಲ. ಎಲೋಡಿ ಬಿಡಿಬಿಡಿಯಾಗಿ ಕೇಳುತ್ತ ಹೋದರು.

"ಹುಳಗಳನ್ನ ತುಳಿದಿರಾ?"

"ಇಲ್ಲ."

"ಕಿಟಕಿ ಮುಚ್ಚಿದಿರಾ? ಸೆಕೆ ಆಯಿತಾ?"

"ಇಲ್ಲ. ಸೊಪ್ಪು ಹಾಕಿದೆ ಅಷ್ಟೇ." ಆಮೇಲೆ, ಗಂಡಸರ ಕಡೆ ನೋಡದೆ, ತನ್ನ ಮುಟ್ಟಿನ ಸಂಗತಿಯನ್ನೂ ಹೇಳಿದಳು.

ಎಲೋಡಿ ನಗಲಿಲ್ಲ. ಮೂಢನಂಬಿಕೆ ಎಂದು ಭಾಷಣ ಬಿಗಿಯಲೂ ಇಲ್ಲ. ಭಾಷಣ ಬಿಗಿದಿದ್ದರೆ ಅರ್ಪಿತ ಚಿಪ್ಪಿನೊಳಗೆ ಸೇರಿಕೊಂಡುಬಿಡುತ್ತಿದ್ದಳು. "ನೀವು ಒಳಗೆ ಹೋದದ್ದು ಸರಿ. ಅವು ಸತ್ತದ್ದು ಸರಿ. ನಡುವೆ ಏನಾಯಿತು?" ಎಂದು ಕೇಳಿ, ಎಂದಿನಂತೆ ಕಾದರು. ಅರ್ಪಿತ ಹುಡುಕಿದಳು. ಫ್ರೆಂಚಿನಲ್ಲಿ ಸಿಗಲಿಲ್ಲ ಎಂದು ಕನ್ನಡದಲ್ಲಿ ಹುಡುಕಿದಳು. ಅಲ್ಲೂ ನಡುವೆ ಏನೂ ಇರಲಿಲ್ಲ.

ಮೂರ್ತಿಯ ಮನೆಯಲ್ಲೂ ಹಿಂದೆ ಹುಳು ಸಾಕುತ್ತಿದ್ದರು. ಅವನು ಮೊದಲ ಸಲ ತಮಾಷೆ ಬಿಟ್ಟು ಕೇಳಿದ. "ಅಕ್ಕ, ಹುಳ ಹಸಿರು ಕಕ್ಕಿದ್ವಾ? ಹೊರಳಾಡಿದ್ವಾ?"

"ಹೂಂ."

"ಸೊಪ್ಪು ಎಲ್ಲಿದು?"

"ನಮ್ಮನೆಯವ್ರು ಹಾಕಿದ್ದ ದ್ರಾಕ್ಷಿ ಪಕ್ಕದ ಸಾಲಿಂದು."

"ಅಯ್ಯೋ ಅಕ್ಕ, ಅದು ಔಷಧಿ ಕಣಕ್ಕ. ದ್ರಾಕ್ಷಿಗೆ ಹೊಡೆದಿದ್ದು ಸೊಪ್ಪಿನ ಮೇಲೆ ಕೂತಿರುತ್ತೆ. ಹುಳ ಸಾಕೋ ಮನೇಲಿ ಯಾರನ್ನ ಕೇಳಿದ್ರೂ ಹೇಳ್ತಾರೆ."

ಅವಳಿಗೂ ಗೊತ್ತಿರದ ಸಂಗತಿಯೇನಲ್ಲ. ಔಷಧಿಗೆ ಹುಳು ಸಾಯುತ್ತದೆಂದು ಆಮೇಲಿನ ವರ್ಷಗಳಲ್ಲಿ ಎಷ್ಟೋ ಸಲ ಕೇಳಿದ್ದಳು. ಆದರೆ ಆ ವಾರ ದ್ರಾಕ್ಷಿಗೆ ಔಷಧಿಯೇ ಹೊಡೆದಿಲ್ಲ ಎಂದು ಆನಂದ್ ಎಲ್ಲರೆದುರು ಹೇಳಿದ್ದ. ಮೇಲಾಗಿ ತಪ್ಪು ತನ್ನದೆಂದು ಒಮ್ಮೆ ಒಪ್ಪಿಕೊಂಡವರು ಅದನ್ನು ಮತ್ತೆ ಬಿಚ್ಚಿ ನೋಡಲು ಹೋಗುವುದಿಲ್ಲ, ಹೆದರಿಕೆ. ಅವಳು ಕುರ್ಚಿಯಲ್ಲಿ ಕೂತಳು. ಎಲೋಡಿ ಅವಳ ವಾಕ್ಯ ಚೆನ್ನಾಗಿತ್ತೆಂದೂ ಹೇಳಲಿಲ್ಲ, ತಿದ್ದಲೂ ಇಲ್ಲ. ನೀರಿನ ಬಾಟಲಿ ಮುಂದಿಟ್ಟು ಮುಂದಿನವರನ್ನು ಕರೆದರು.

ಮನೆಗೆ ಬಂದಾಗ ಅಕ್ಕಯಮ್ಮ ಜಗಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದರು. ಮಾವ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಅರ್ಪಿತ ಬ್ಯಾಗನ್ನೂ ಇಳಿಸದೆ ಎದುರಿಗೆ ಕೂತು, ಪಾಠದಲ್ಲಿ ನಡೆದದ್ದನ್ನು ಹೇಳಿದಳು. ಮದಾಂ ಏನು ಕೇಳಿದರು, ತನಗೇನು ಹೇಳಲಾಗಲಿಲ್ಲ, ಮೂರ್ತಿ ಏನಂದ, ಎಲ್ಲವನ್ನೂ. ಅತ್ತೆ "ನಿಮ್ ಮದಾಂಗೆ ಏನ್ ಗೊತ್ತು ನಮ್ ಕಟ್ಟುಪಾಡು" ಎನ್ನುತ್ತಾರೆಂದು ಕಾದಳು. ಹಾಗೆ ಅಂದಿದ್ದರೆ ಅವಳಿಗೆ ಹಾಯೆನಿಸುತ್ತಿತ್ತು.

ಅಕ್ಕಯಮ್ಮನ ಕೈ ನಿಂತಿತು. "ಸೊಪ್ಪಿನ ಪುಟ್ಟಿ ಮೂಸಿ ನೋಡ್ದೆ ಕಣವ್ವ ಅವತ್ತು," ಎಂದರು. "ಔಷ್ದಿ ವಾಸ್ನೆ ಮೂಗಿಗೆ ಹೊಡೀತು. ಸೊಪ್ಪಿನ ತೋಟದ ಪಕ್ಕ ದ್ರಾಕ್ಷಿ ಬೇಡ ಅಂತ ನಿಮ್ಮಾವ, ಹಾಕೇ ಹಾಕ್ತೀನಿ ಅಂತ ನಿನ್ ಗಂಡ. ಅಪ್ಪ ಮಗಂಗೆ ಆಗ್ಲೇ ಮಾತು ನಿಂತೋಗಿತ್ತು. ಗೊತ್ತಾಗಿದ್ರೆ ಅವತ್ತೇ ಅವನ್ನ ಮನೆ ಬಿಟ್ಟು ಓಡಿಸ್ತಿದ್ರು. ಏನ್ ಮಾಡ್ಲಿ ಅಂತ ನಿಂತಿದ್ದೆ. ಅಷ್ಟ್ರಲ್ಲಿ ನೀನೇ ಮುಂದೆ ಬಂದು, ಅತ್ತೆ, ನಾನು ಮುಟ್ಟಾಗಿದ್ದೆ ಅಂತ ಕಣ್ಣೀರಿಟ್ಟೆ."

"ನೀವು ಸುಮ್ನಾದ್ರಿ."

"ಸುಮ್ನಾದೆ."

ಅರ್ಪಿತಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂಕಟ. ಹುಳು ಸತ್ತ ಆ ದಿನದ ನಂತರ ಅವಳು ಹುಳು ಮನೆಯ ಹೊಸ್ತಿಲು ದಾಟಲಿಲ್ಲ. ಮುಟ್ಟಿಲ್ಲದ ದಿನಗಳಲ್ಲೂ ದಾಟಲಿಲ್ಲ. ಸೊಪ್ಪು ಕೊಯ್ದು ತಂದು ಬಾಗಿಲಲ್ಲಿಟ್ಟು ಹೊರಗೇ ನಿಲ್ಲುತ್ತಿದ್ದಳು. ಕೆಲವು ವರ್ಷಕ್ಕೆ ಅಕ್ಕಯಮ್ಮನ ಮಂಡಿ ಹೋಯಿತು. ಒಬ್ಬರ ಕೈಲಿ ಆಗುವ ಕೆಲಸವಲ್ಲ ಅದು. "ಒಳಕ್ ಬಾ ಮಗ, ನಾನ್ ಹೇಳ್ತಿದೀನಲ್ಲ" ಎಂದು ಕರೆದರು, ಗದರಿದರು, ಒಮ್ಮೆ ಅತ್ತೂಬಿಟ್ಟರು. "ಬೇಡ ಅತ್ತೆ, ನನ್ ಕಾಲ್ಗುಣ ಇನ್ನೊಂದ್ ಸಲ ನೋಡೋದು ಬೇಡ" ಎಂದು ಇವಳು ಕಲ್ಲಿನ ಹಾಗೆ ನಿಂತಳು. ಕೊನೆಗೆ ಹುಳು ತರುವುದನ್ನೇ ನಿಲ್ಲಿಸಿದರು. ಸೊಪ್ಪಿನ ಗಿಡಗಳನ್ನು ಬುಡಸಮೇತ ಕಿತ್ತರು. ಚಂದ್ರಿಕೆಗಳು ಒಲೆಗೆ ಹೋದವು. ಮನೆಯಲ್ಲಿ ಕೈಕಟ್ಟಿ ಕೂರಲಾರದೆ ಅರ್ಪಿತ ಕಾರ್ಖಾನೆ ಸೇರಿದ್ದೂ ಆಗಲೇ.

ಅತ್ತೆ ಅಂದು ಅತ್ತದ್ದು ಮಂಡಿನೋವಿಗಲ್ಲ ಎಂದು ಅವಳಿಗೆ ಈಗ ಹೊಳೆಯಿತು. ನಿನ್ನ ತಪ್ಪಲ್ಲ ಎಂಬ ಒಂದು ಮಾತು ಸಾಕಿತ್ತು, ಅವಳು ಓಡಿ ಒಳಗೆ ಬರುತ್ತಿದ್ದಳು. ಆ ಮಾತು ಹೇಳಿದರೆ ಮಗ ಸಿಕ್ಕಿಬೀಳುತ್ತಿದ್ದ. ಮಗನನ್ನು ಉಳಿಸಿಕೊಂಡ ಅಕ್ಕಯಮ್ಮ ಹುಳು ಮನೆಯನ್ನೂ, ತಟ್ಟೆಗಳ ಮಧ್ಯೆ ಕೂತು ಹರಟುವ ಸೊಸೆಯನ್ನೂ ಕಳೆದುಕೊಂಡಿದ್ದರು. ಮಾವ ತೀರಿಕೊಂಡ ಮೇಲಾದರೂ ಹೇಳಬಹುದಿತ್ತು. ಅಷ್ಟರಲ್ಲಿ ಹೇಳಿ ಏನು ಪ್ರಯೋಜನ ಎನ್ನುವ ಕಾಲ ಬಂದಿತ್ತು.

"ನಿಮ್ ಮಗಂಗೆ ಗೊತ್ತಿತ್ತಾ ಅತ್ತೆ?"

"ಗೊತ್ತಿಲ್ದೆ ಏನು. ಹೊಡೆದೋನು ಅವ್ನೇ ತಾನೆ."

ಆನಂದ್ ಈಗ ಸ್ಕೂಲ್ ವ್ಯಾನ್ ಓಡಿಸುತ್ತಾನೆ. ಕೆಟ್ಟವನಲ್ಲ. ಹೆಂಡತಿ ಸಂಜೆ ಪಾಳಿಗೆ ಹೋದ ದಿನ ಮುದ್ದೆ ತಿರುವಿ ಅಮ್ಮನಿಗೆ ಬಡಿಸುವಷ್ಟು ಒಳ್ಳೆಯವನೇ. ಅವನು ವ್ಯಾನ್ ನಿಲ್ಲಿಸಿ ಕೈಕಾಲು ತೊಳೆದು ಬಂದಾಗ ಇಬ್ಬರು ಹೆಂಗಸರೂ ಅವರೆಕಾಯಿ ಸುಲಿಯುತ್ತಿದ್ದರು. "ಹುಳ ಸತ್ತ ವಾರ ದ್ರಾಕ್ಷಿಗೆ ಔಷಧಿ ಹೊಡೆದಿದ್ರಂತೆ?" ಎಂದು ಅರ್ಪಿತ ಕೇಳಿದಳು.

"ಅಮ್ಮ ಹೇಳಿದ್ಲಾ? ಯಾವ್ ಕಾಲದ್ದೋ ಅದು. ಬಿಡೇ ಈಗ."

"ಬಿಡ್ತೀನಿ," ಎಂದಳು ಅರ್ಪಿತ. "ಒಂದ್ಸಲ ನಿಮ್ಮ ಬಾಯಲ್ಲೇ ಹೇಳಿ. ಏನ್ ಮಾಡಿದ್ರಿ, ಅದರಿಂದ ಏನಾಯ್ತು."

ಆನಂದ್ ಟವೆಲಿನಲ್ಲಿ ಮುಖ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡ. "ದ್ರಾಕ್ಷಿಗೆ ಔಷಧಿ ಹೊಡೆದೆ," ಎಂದ. "ಗಾಳಿ ಸೊಪ್ಪಿನ ಕಡೆ ಬೀಸ್ತಿತ್ತು. ನೋಡ್ಕೋಬೇಕಿತ್ತು, ನೋಡ್ಕೊಳ್ಳಿಲ್ಲ. ಅಪ್ಪಂಗೆ ಹೆದರಿ ಹೊಡೆದಿಲ್ಲ ಅಂದ್ಬಿಟ್ಟೆ. ಹುಳ ಸತ್ತೋದ್ವು. ತಪ್ಪಾಯ್ತು ಕಣೇ."

"ಆಮೇಲೆ?"

ಅವನು ತಲೆಯೆತ್ತಿದ. ನಾಟಕವಾಡುತ್ತಿರಲಿಲ್ಲ. ನಿಜಕ್ಕೂ ಅರ್ಥವಾಗದವನ ಮುಖ ಅದು, ಅವಳು ಅಷ್ಟು ವರ್ಷದಿಂದ ಬಲ್ಲ ಮುಖ.

"ಆಮೇಲೇನು? ಅಷ್ಟೇ. ಒಂದ್ ಬೆಳೆ ಹೋಯ್ತು."

ಅರ್ಪಿತ ಇನ್ನೊಂದು ಅವರೆಕಾಯಿ ಕೈಗೆತ್ತಿಕೊಂಡಳು. ಮಾತಾಡಿದ್ದು ಅಕ್ಕಯಮ್ಮ, ಮಗನ ಕಡೆ ನೋಡದೆ.

"ಅಷ್ಟೇ ಅಲ್ಲ ಕಣೋ. ಆಮೇಲೆ ಇವ್ಳು ಹುಳದ ಮನೆ ಒಳಗೇ ಬರ್ಲಿಲ್ಲ. ಎಷ್ಟ್ ಕರೆದ್ರೂ ಬರ್ಲಿಲ್ಲ."