ನೋಡಿ ನೋಡಿ ಕೆಡಿಸಿದ ಟೂಲು

ಮೇಡಂ ಅವರ ಮುಖದ ಎಡಭಾಗ ಅಲುಗುತ್ತಿರಲಿಲ್ಲ. ಹರೆಯದಲ್ಲಿ ಬಂದ ಜ್ವರವೊಂದು ಆ ಬದಿಯ ನರಗಳನ್ನು ಮಲಗಿಸಿತ್ತಂತೆ. ನಕ್ಕರೆ ತುಟಿಯ ಬಲತುದಿಯಷ್ಟೇ ಮೇಲೇರುತ್ತಿತ್ತು. ಎಡಗಣ್ಣು ರೆಪ್ಪೆ ಬಡಿಯದೆ ನಮ್ಮನ್ನೇ ನೋಡುತ್ತಿತ್ತು. ಬೆಳಗಾವಿಯ ಶಿವಬಸವ ನಗರದ ಸಾಫ್ಟ್‌ವೇರ್ ಆಫೀಸಿಗೆ ಸೇರಿದ ಮೊದಲ ದಿನ, ಸಿಟ್ಟಾಗಿದ್ದಾರೆಂದು ನಾನು ಹೆದರಿದ್ದೆ. "ನನ್ನ ಮುಖಾ ಓದಾಕ ಹೋಗಬ್ಯಾಡ. ಮಾತು ಕೇಳು, ಅಷ್ಟ ಸಾಕು" ಅಂದರು.

ಅವರು ನಮ್ಮ ತಂಡದ ಹಿರಿಯರು. ನಾವೆಲ್ಲ ಮೇಡಂ ಅನ್ನುತ್ತಿದ್ದೆವು. ಊರು ಖಾನಾಪುರ. ಫೋನಿನಲ್ಲಿ ಮರಾಠಿಯಲ್ಲಿ ಜಗಳ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಮೊದಲು ನಮ್ಮ ತಾಟಿಗೆ ಬೀಳುತ್ತಿತ್ತು.

ಖಾನಾಪುರದ ಕಾಡಂಚಿನ ಹಳ್ಳಿಗಳಿಗೆ ಆಂಬ್ಯುಲೆನ್ಸ್ ಕಳಿಸುವ ಸಂಸ್ಥೆಯೊಂದರ ಸಾಫ್ಟ್‌ವೇರ್ ನಮ್ಮ ಉಸ್ತುವಾರಿಯಲ್ಲಿತ್ತು. ಸರ್ವರಿನೊಳಗೆ ಒಂದೊಂದು ಪ್ರೋಗ್ರಾಮೂ ತನ್ನದೇ ಡಬ್ಬಿಯಲ್ಲಿ, ಅಂದರೆ ಕಂಟೇನರಿನಲ್ಲಿ, ಓಡುತ್ತಿತ್ತು. ಅವುಗಳ ಮೇಲೆ ಕಣ್ಣಿಡಲು, ತಾನೇ ನೋಡಿ ತಾನೇ ಕೆಲಸ ಮಾಡುವ ಒಂದು ಎಐ ಏಜೆಂಟ್ ಬಂತು. ಅದು ಕೆಲಸಕ್ಕೆ ಬಳಸುವ ಪ್ರತಿ ಸಲಕರಣೆಗೂ, ಅಂದರೆ ಟೂಲಿಗೂ, ಅದು ಏನು ಮಾಡುತ್ತದೆಂದು ಕೆಲವು ಸಾಲು ವಿವರಣೆ ಬರೆಯಬೇಕು. ಆ ಸಾಲುಗಳನ್ನು ಓದಿಯೇ ಏಜೆಂಟ್ ಯಾವ ಟೂಲ್ ಬಳಸಬೇಕೆಂದು ತೀರ್ಮಾನಿಸುತ್ತದೆ. ನಾನು ಬರೆದದ್ದನ್ನು ಮೇಡಂ ನನ್ನಿಂದಲೇ ಗಟ್ಟಿಯಾಗಿ ಓದಿಸುತ್ತಿದ್ದರು. "ನಿನ್ನ ಮನಸಿನ್ಯಾಗ ಇದ್ದದ್ದು ಅದಕ್ಕ ಕಾಣಂಗಿಲ್ಲ. ಟೂಲು ಏನು ಮಾಡತೈತಿ ಬರಿ. ಏನು ಕೆಡಸತೈತಿ ಅನ್ನೂದನ್ನ ಅದಕ್ಕೂ ಮೊದಲ ಬರಿ."

ಒಂದು ಟೂಲಿನ ವಿವರಣೆಯನ್ನು ನಮ್ಮ ಕಂಪನಿಯ ಮಾಲೀಕರೇ ಅವಸರದಲ್ಲಿ ಬರೆದಿದ್ದರು: 'ಕಂಟೇನರಿನ ತಾಜಾ ಸ್ಥಿತಿ ತಿಳಿಸುತ್ತದೆ.' ನಿಜಕ್ಕೂ ಅದು ಕಂಟೇನರನ್ನು ನಿಲ್ಲಿಸಿ, ಹೊಸದಾಗಿ ಚಾಲೂ ಮಾಡಿ, ಆಮೇಲೆ ಸ್ಥಿತಿ ಹೇಳುತ್ತಿತ್ತು. ಇದನ್ನು ತಿದ್ದಲೇಬೇಕೆಂದು ಮೇಡಂ ಹಟ ಹಿಡಿದರು.

"ಇರ್ಲಿ ಬಿಡ್ರಿ ಮೇಡಂ, ಎಐ ಭಾಳ ಶ್ಯಾಣ್ಯಾ ಐತಿ. ತಾನ ತಿಳಕೋತೈತಿ" ಅಂದರು ಮಾಲೀಕರು.

"ದಡ್ಡ ಇದ್ದಿದ್ರ ನಾ ಅಂಜತಿರಲಿಲ್ರಿ ಸರ. ದಡ್ಡ ನಿಂತು ಕೇಳತೈತಿ. ಇದು ಕೇಳಂಗಿಲ್ಲ, ಮಾಡಿ ಬಿಡತೈತಿ."

ಮಾಲೀಕರು ನಕ್ಕರು. ವಿವರಣೆ ಹಾಗೇ ಉಳಿಯಿತು.

ಕೆಲವೇ ದಿನಗಳ ನಂತರ ಒಂದು ಮಧ್ಯಾಹ್ನ, ಖಾನಾಪುರದಲ್ಲಿ ಆಂಬ್ಯುಲೆನ್ಸ್ ಕಳಿಸಲು ಕೂತವರ ಫೋನ್ ಬಂತು. "ಮೇಡಂ, ಸ್ಕ್ರೀನ್ ಮ್ಯಾಲ ಕಾಲ್ ಬರಾಕತ್ತಾವು, ಎತ್ತೂದ್ರಾಗ ಮಾಯ ಆಗಾಕತ್ತಾವ್ರಿ." ನಾವು ನೆಟ್‌ವರ್ಕ್ ನೋಡಿದೆವು, ಮೆಮೊರಿ ನೋಡಿದೆವು. ಏಜೆಂಟ್ ಮಾತ್ರ ಶಾಂತವಾಗಿ ವರದಿ ಬರೆಯುತ್ತಿತ್ತು: 'ಕಂಟೇನರ್ ಈಗಷ್ಟೇ ಶುರುವಾಗಿದೆ. ಕಾರಣ ತಿಳಿಯುತ್ತಿಲ್ಲ. ಮತ್ತೆ ಪರೀಕ್ಷಿಸುತ್ತೇನೆ.' ತುಸು ಹೊತ್ತಿಗೆ ಅದೇ ಸಾಲು. ಮತ್ತೆ ಅದೇ. ಮೇಡಂ ಬಂದು ನನ್ನ ಹೆಗಲ ಮೇಲಿಂದ ಓದಿದರು.

"ಕಾರಣ ಇದ ಐತಿ" ಅಂದರು ಮೆಲ್ಲಗೆ. "ಸ್ಥಿತಿ ನೋಡೂ ಮುಂದ ಪ್ರತಿ ಸಲ ಕಂಟೇನರ್ ನಿಲ್ಲಿಸಿ ಚಾಲೂ ಮಾಡತೈತಿ, ಕಾಲ್ ಅದಕ್ಕ ಮಾಯ ಆಗಾಕತ್ತಾವು. ನೋಡಿ ನೋಡಿ ಕೆಡಸಾಕತ್ತೈತಿ. ಬಂದ್ ಮಾಡು ಇದನ್ನ."

ಕಳೆದುಹೋದ ಕರೆಗಳ ನಂಬರ್ ಹುಡುಕಿ ಎಲ್ಲರಿಗೂ ಫೋನ್ ಹಚ್ಚಿದೆವು. ಉಳಿದವರು ಹೇಗೋ ಪಾರಾಗಿದ್ದರು. ಒಂದು ಹಳ್ಳಿಯಲ್ಲಿ ಮಾತ್ರ, ಗದ್ದೆಯಲ್ಲಿ ಹಾವು ಕಚ್ಚಿದ ಹೆಣ್ಣುಮಗಳೊಬ್ಬಳು ಆಗಲೇ ತೀರಿಕೊಂಡಿದ್ದಳು.

"ಕಾಡಿನ್ಯಾಗ ನೆಟ್‌ವರ್ಕ್ ಇರಲಿಲ್ಲ ಅಂದ್ರಾತು. ಯಾರು ಕೇಳ್ತಾರ?" ಅಂದರು ಮಾಲೀಕರು. ಮೇಡಂ ಆ ವಾರವೇ ನನ್ನನ್ನು ಕರೆದುಕೊಂಡು ಆ ಹಳ್ಳಿಗೆ ಹೋದರು.

ಸತ್ತವಳ ಗಂಡ ಅಂಗಳದಲ್ಲಿ ಕುಳಿತಿದ್ದ. ನಾವು ಯಾರೆಂದು ತಿಳಿದೊಡನೆ ತಾನೇ ಹೇಳಿಕೊಂಡ: "ನಮ್ಮ ಕಡೆ ಟವರ್ ಬರೋಬ್ಬರಿ ಇಲ್ರಿ. ಫೋನ್ ಹತ್ತಿ ಹತ್ತಿ ಕಟ್ ಆತು. ನಾ ಗುಡ್ಡ ಏರಿ ಹಚ್ಚಬೇಕಿತ್ತು. ಆಕಿನ್ನ ಬಿಟ್ಟು ಹೋಗಾಕ ಮನಸ ಆಗಲಿಲ್ಲ."

"ಟವರ್ ಇತ್ರಿ ಅಣ್ಣಾರ" ಅಂದರು ಮೇಡಂ. "ನಿಮ್ಮ ಫೋನ್ ನಮ್ಮ ತನಕ ಮುಟ್ಟಿತ್ತು. ಅಲ್ಲಿ ನಮ್ಮ ತಪ್ಪಿನಿಂದ ಕಳದು ಹೋತು. ನೀವು ಗುಡ್ಡ ಏರಿದ್ರೂ ಹಿಂಗ ಆಗತಿತ್ತು."

ಆತ ಅಂದ: "ಹಂಗಾದ್ರ ನಾ ಆಕಿ ಬಾಜೂಕ ಇದ್ದದ್ದ ಚಲೋ ಆತಲ್ರಿ."

ಬೆಳಗಾವಿಗೆ ಮರಳಿದ ಮೇಲೆ ಮೇಡಂ ಆ ಕೆಲಸದಲ್ಲಿ ಉಳಿಯಲಿಲ್ಲ, ತಪ್ಪು ಒಪ್ಪಿಕೊಂಡವರನ್ನು ಮಾಲೀಕರು ಉಳಿಯಗೊಡಲೂ ಇಲ್ಲ. ಮಹಾಂತೇಶ ನಗರದ ಅವರ ಮನೆಗೆ ನಾನು ಭಾನುವಾರಗಳಂದು ಹೋಗಿ, ಬರೆದ ವಿವರಣೆಗಳನ್ನು ಓದಿ ಹೇಳುತ್ತಿದ್ದೆ. ಹೋದ ವರ್ಷ ಮಿದುಳಿನಲ್ಲಿ ರಕ್ತನಾಳ ಒಡೆದು, ಎರಡೇ ದಿನಕ್ಕೆ ತೀರಿಕೊಂಡರು. ಖಾನಾಪುರದ ಹೊಲದಲ್ಲಿ ಸಮಾಧಿ ಮಾಡಿದಾಗ, ಹಾವು ಕಚ್ಚಿ ಸತ್ತವಳ ಗಂಡನೂ ಬಂದಿದ್ದ. ಒಂದು ಹಿಡಿ ಮಣ್ಣು ಹಾಕಿ ಹೋದ.

ಈಗ ನಾನು ಬೇರೆ ಕಂಪನಿಯಲ್ಲಿದ್ದೇನೆ. ಇಂಥ ವಿವರಣೆಗಳನ್ನು ಓದಿ ಒಪ್ಪಿಗೆ ಕೊಡುವುದೇ ನನ್ನ ಕೆಲಸ. ಅವರು ಕಲಿಸಿದ ವಿದ್ಯೆಯ ಅನ್ನ. ನಿನ್ನೆ ಒಂದು ಬಂದಿತ್ತು: 'ಅಗತ್ಯವಿದ್ದರೆ ಸರ್ವರನ್ನು ಸ್ವಚ್ಛಗೊಳಿಸುತ್ತದೆ.' ಏನನ್ನು ಅಳಿಸುತ್ತದೆ, ಅಗತ್ಯ ಇದೆಯೆಂದು ಯಾರು ಹೇಳುವವರು ಎಂದು ಕೇಳಿ ವಾಪಸು ಕಳಿಸಿದೆ. ಇವತ್ತು ಉತ್ತರ ಬಂತು. ಆ ಟೂಲನ್ನು ಹೋದ ವಾರವೇ ಏಜೆಂಟಿಗೆ ಕೊಟ್ಟಾಗಿದೆಯಂತೆ.