ಪೇಟೆ ಬೀದಿಯ ನಡುಗಲ್ಲು

ನಮ್ಮ ಮಳವಳ್ಳಿಯ ಪೇಟೆ ಬೀದಿಯಲ್ಲಿ ಈಗ ನಡೆಯುವುದು ಸುಖ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಬರೆಯುವುದನ್ನು ಓದಿ, ಈ ಹೆಂಗಸಿನ ಕಣ್ಣಿಗೆ ಒಳ್ಳೆಯದು ಬೀಳುವುದೇ ಇಲ್ಲ ಅಂದುಕೊಂಡೀರಿ. ಚರಂಡಿ ಮುಚ್ಚಿ ಬೀದಿಯುದ್ದಕ್ಕೂ ಚಪ್ಪಡಿ ಹಾಸಿದ್ದಾರೆ. ಬಸುರಿಯರು, ಕೋಲೂರುವ ಮುದುಕರು, ಸ್ಕೂಲು ಬಿಟ್ಟ ಮಕ್ಕಳು ನಡುಬೀದಿಯಲ್ಲೇ ಮಾತಾಡಿಕೊಂಡು ಹೋಗುತ್ತಾರೆ. ಬೆನ್ನ ಹಿಂದೆ ಹಾರನ್ ಬಾರಿಸುವವರಿಲ್ಲ. ಆ ಸುಖ ನನ್ನ ಕಾಲಿಗೂ ಗೊತ್ತಾಗುತ್ತದೆ. ಗೊತ್ತಾದಾಗಲೆಲ್ಲ ನಡಿಗೆ ನಿಧಾನವಾಗುತ್ತದೆ.

ಆ ಬೀದಿಯಲ್ಲಿ ನಮ್ಮ ಅಕ್ಕನ ಹೊಲಿಗೆ ಅಂಗಡಿ ಇತ್ತು. ಮಗುವಾಗಿದ್ದಾಗಲೇ ಪೋಲಿಯೋ ಬಂದು ಅವಳ ಎರಡೂ ಕಾಲು ಸೋತಿದ್ದವು. ಆ ಬಲವೆಲ್ಲ ಕೈಗೆ ಬಂದಿತ್ತು. ಅವಳು ಕೈಮಿಷನ್ನಿನ ಹಿಡಿ ತಿರುಗಿಸುವುದನ್ನು ಒಮ್ಮೆ ನೋಡಿದವರು ಅವಳ ಹತ್ತಿರ ಜಗಳಕ್ಕೆ ಬರುತ್ತಿರಲಿಲ್ಲ. ರವಿಕೆ ಅವಳು ಹೊಲಿಯುತ್ತಿದ್ದಳು, ಪಕ್ಕದಲ್ಲಿ ಕೂತು ಹುಕ್ಕು ಹಾಕುವುದು, ಸೀರೆಗೆ ಕುಚ್ಚು ಕಟ್ಟುವುದು ನನ್ನ ಕೆಲಸ. ನನ್ನ ಮದುವೆಯಾದ ಮೇಲೂ ಅವಳು ನಮ್ಮ ಜೊತೆಯೇ ಇದ್ದಳು. ಅವಳು ನಮ್ಮ ಜೊತೆ ಇದ್ದಳು ಅನ್ನುವುದಕ್ಕಿಂತ ನಾವು ಅವಳ ಜೊತೆ ಇದ್ದೆವು ಅನ್ನುವುದೇ ಸರಿ, ಮನೆಯಲ್ಲಿ ಅವಳ ಮಾತೇ ನಡೆಯುತ್ತಿತ್ತು.

ಚಿಕ್ಕಂದಿನಲ್ಲಿ ಅವಳನ್ನು ಎಲ್ಲರೂ ಎತ್ತಿಕೊಂಡು ಓಡಾಡುತ್ತಿದ್ದರು. ಅವ್ವನ ಸೊಂಟ, ಅಪ್ಪನ ಹೆಗಲು, ಮಾವಂದಿರ ಬೆನ್ನು. ಒಂದು ಸಲ ಮುತ್ತತ್ತಿಗೆ ಹೋಗಿದ್ದೆವು. ಆಂಜನೇಯನಿಗೆ ಕೈಮುಗಿದು, ಹೊಳೆಯಲ್ಲಿ ಆಡಲು ಎಲ್ಲರೂ ಇಳಿದರು. ಮಾವ ಅಕ್ಕನನ್ನು ಎತ್ತಿಕೊಂಡು ಹೋಗಿ ನೀರಿನ ಪಕ್ಕದ ಬಂಡೆಯ ಮೇಲೆ ಕೂರಿಸಿದ. ನೀರಾಟ ಮುಗಿಯಿತು, ಅತ್ತ ಮರದ ನೆರಳಲ್ಲಿ ಎಲೆ ಹಾಕಿ ಊಟಕ್ಕೂ ಕೂತೆವು. ಯಾರೋ ಅವಳ ಹೆಸರು ಹಿಡಿದು ಎಲ್ಲಿ ಅಂದಾಗಲೇ ನಮಗೆಲ್ಲ ಜ್ಞಾಪಕ ಬಂದದ್ದು. ಅವಳು ಆ ಬಂಡೆಯ ಮೇಲೇ ಇದ್ದಳು. ಬಂಡೆ ಕಾದು ತೊಡೆಯೆಲ್ಲ ಕೆಂಪಾಗಿತ್ತು. ಅತ್ತಿರಲಿಲ್ಲ, ಯಾರನ್ನೂ ಕೂಗಿಯೂ ಇರಲಿಲ್ಲ.

ದೊಡ್ಡವಳಾದ ಮೇಲೆ ಅದನ್ನು ಒಂದೇ ಸಲ ನನ್ನ ಹತ್ತಿರ ಆಡಿದಳು. "ಎತ್ಕಂಡೋದೋರು ಎತ್ಕಂಡ್ ಬರದ ಮರ್ತೋಯ್ತಾರೆ ಕಣೇ. ಅವ್ರದೇನ್ ತಪ್ಪಿಲ್ಲ. ಆದ್ರೆ ಮರ್ತಾಗ ನಾನು ಕಲ್ಲ್ ಮ್ಯಾಲೇ ಇರ್ಬೇಕು."

ದುಡಿದ ದುಡ್ಡಿನಲ್ಲಿ ಅವಳು ಮೂರು ಚಕ್ರದ ಸ್ಕೂಟರು ತಗೊಂಡಳು. ಕಲಿತ ಮೇಲೆ ಮೊದಲು ಹೋದದ್ದು ಪೂರಿಗಾಲಿಯಲ್ಲಿದ್ದ ನಮ್ಮ ಸೋದರತ್ತೆಯ ಮನೆಗೆ. ಒಬ್ಬಳೇ ಹೋದಳು, ಯಾರಿಗೂ ಹೇಳಲಿಲ್ಲ. ಬಾಗಿಲಲ್ಲಿ ಗಾಡಿ ನಿಲ್ಲಿಸಿ ಹಾರನ್ ಹೊಡೆದಳಂತೆ. ಅತ್ತೆ ಸಗಣಿ ಕೈಯಲ್ಲೇ ಓಡಿ ಬಂದು, "ಯಾರ್ ಕರ್ಕಬಂದ್ರವ್ವಾ?" ಅಂದರಂತೆ. "ನಾನೇ ನನ್ನ ಕರ್ಕಬಂದೆ" ಅಂದಳಂತೆ ನಮ್ಮಕ್ಕ. ಆ ಮಾತನ್ನು ಅವಳು ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದಳು.

ಅಂಗಡಿಯ ಮುಂದಿನ ಜಗಲಿಯನ್ನು ಒಡೆಸಿ, ಸ್ಕೂಟರಿನ ಸೀಟಿನ ಎತ್ತರಕ್ಕೇ ಮತ್ತೆ ಕಟ್ಟಿಸಿದಳು. ಗಾಡಿಯನ್ನು ಜಗಲಿಗೆ ತಾಗಿಸಿ ನಿಲ್ಲಿಸುವುದು, ಕೈಯೂರಿ ಜಗಲಿಗೆ ಜರುಗುವುದು, ಅಲ್ಲಿಂದ ಮಿಷನ್ನಿನ ಮುಂದಕ್ಕೆ. ಮಧ್ಯೆ ಯಾರ ಕೈಯೂ ಬೇಕಿರಲಿಲ್ಲ. ಹಿಡಿಯಲು ಹೋದವರ ಕೈಗೆ ಏಟು ಬೀಳುತ್ತಿತ್ತು, ನನ್ನ ಕೈಗೂ ಬಿದ್ದಿದೆ.

ಬೀದಿಯನ್ನು ನಡೆಯುವವರಿಗೆ ಬಿಡಬೇಕು ಅನ್ನುವ ಮಾತು ಬಂದಾಗ ಮೊದಲು ಕುಣಿದವಳು ಅವಳೇ. ಆಗ ಬೀದಿ ಅನ್ನುವುದು ಹೆಸರಿಗೆ ಮಾತ್ರ ಬೀದಿ. ಎರಡೂ ಕಡೆ ಬೈಕು, ನಡುವೆ ಲಗೇಜ್ ಆಟೋ, ಉಳಿದ ಸಂದಿಯಲ್ಲಿ ಜನ. ರವಿಕೆ ಅಳತೆ ಕೊಡಲು ಹಳ್ಳಿಯಿಂದ ಬಂದ ಮುದುಕಿಯೊಬ್ಬರನ್ನು ನಮ್ಮ ಜಗಲಿಯ ಮುಂದೆಯೇ ಒಂದು ಬೈಕು ಕೆಡವಿ ಹೋಯಿತು. ಮುಂಗೈ ಮುರಿಯಿತು. ಆ ಕೈಗೆ ತೋಳು ಸಡಿಲ ಬಿಟ್ಟು ರವಿಕೆ ಹೊಲಿದು, ನಮ್ಮಕ್ಕ ಅಂಗಡಿ ಅಂಗಡಿಗೂ ಗಾಡಿಯಲ್ಲಿ ಹೋದಳು. "ಬೀದಿ ಮಾಡುಸ್ಬೇಕು ಕಣಣ್ಣ, ಇಂಗಾದ್ರೆ ಯಾರಾನ ಸತ್ತೋಯ್ತಾರೆ" ಅಂತ.

ವ್ಯಾಪಾರಸ್ಥರು ಸುಲಭಕ್ಕೆ ಒಪ್ಪಲಿಲ್ಲ. ಹೆಚ್ಚು ಕೂಗಾಡಿದವರು ನಮ್ಮ ಎದುರಿನ ಪಾತ್ರೆ ಅಂಗಡಿಯಣ್ಣ. ಅವರ ಗಂಟಲು ಎಷ್ಟು ದೊಡ್ಡದೆಂದರೆ, ಅವರು ಪಿಸುಗುಟ್ಟಿದರೂ ಬಸ್‌ ಸ್ಟ್ಯಾಂಡಿನವರಿಗೆ ಸುದ್ದಿ ಮುಟ್ಟುತ್ತಿತ್ತು. "ಗಾಡಿ ಬರ್ದಿದ್ರೆ ಗಿರಾಕಿ ಏನ್ ಆರ್ಕಂಡ್ ಬಂದಾರಾ?" ಅಂದರು.

"ಗಾಡಿ ಯಾವತ್ತಾದ್ರೂ ನಿನ್ ಪಾತ್ರೆ ಕೊಂಡದಾ? ಕೊಳ್ಳೋರು ಕಾಲಲ್ಲಿ ಬರೋರು ಕಣಣ್ಣ" ಅಂದಳು ಅಕ್ಕ. ಅಣ್ಣ ನಕ್ಕುಬಿಟ್ಟರು. ಅವರು ನಕ್ಕ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಮೆತ್ತಗಾದರು.

ಪುರಸಭೆಯವರು ಕರೆದ ಸಭೆ ಸಮುದಾಯ ಭವನದಲ್ಲಿ. ಬಾಗಿಲಿಗೆ ಮೆಟ್ಟಿಲಿದ್ದುದರಿಂದ ಅಕ್ಕ ಹೊರಗೆ, ಗಾಡಿಯ ಮೇಲೇ ಕೂತು ಕೇಳುತ್ತಿದ್ದಳು. ನಾನು ಒಳಗೆ, ಬಾಗಿಲ ಪಕ್ಕದಲ್ಲಿ. ನಕ್ಷೆ ತಂದಿದ್ದ ಇಂಜಿನಿಯರು ಒಳ್ಳೆಯ ಮನುಷ್ಯ, ತಾಳ್ಮೆಯಿಂದ ವಿವರಿಸಿದರು. ಬೀದಿಯ ಆ ತುದಿಯಲ್ಲಿ ತರಕಾರಿ ಮಾರುಕಟ್ಟೆಯ ಮೆಟ್ಟಿಲಿದೆ, ಅಲ್ಲಿಂದ ಗಾಡಿ ಬರುವುದಿಲ್ಲ. ಈ ತುದಿಯಲ್ಲಿ ಮೊಣಕಾಲೆತ್ತರದ ಕಲ್ಲುಗಳನ್ನು ಸಾಲಾಗಿ ನಿಲ್ಲಿಸುತ್ತೇವೆ, ಬೈಕು ಕೂಡ ತೂರುವುದಿಲ್ಲ ಎಂದರು. ಸಾಮಾನಿನ ಮೂಟೆಗಳನ್ನು ಅಲ್ಲಿಂದ ಹೊತ್ತು ತರಬೇಕು. ಎಲ್ಲರೂ ತಲೆ ಆಡಿಸಿದರು.

ಹೊರಗಿನಿಂದ ಅಕ್ಕನ ದನಿ ಬಂತು. "ಸ್ವಾಮಿ, ನನ್ ಗಾಡಿ?"

ಇಂಜಿನಿಯರು ನಕ್ಷೆಯ ಮೇಲೆ ಮತ್ತೆ ಬಗ್ಗಿದರು. ಯಾರಿಗೂ ಅದು ಹೊಳೆದಿರಲಿಲ್ಲ. ಹೇಳಬೇಕೆಂದರೆ, ಅಷ್ಟು ದಿನ ಓಡಾಡಿದ ಅವಳಿಗೂ ಹೊಳೆದಿರಲಿಲ್ಲ.

"ಒಬ್ಬರಿಗೆ ಅಂತ ಸಂದಿ ಬಿಟ್ಟರೆ ಅದರಲ್ಲಿ ಎಲ್ಲರ ಬೈಕೂ ನುಗ್ಗುತ್ತದಮ್ಮ. ಆಮೇಲೆ ಇಷ್ಟೆಲ್ಲ ಮಾಡಿದ್ದೂ ನೀರುಪಾಲು" ಎಂದರು ಇಂಜಿನಿಯರು. ಅದು ಸುಳ್ಳಲ್ಲ. ನಮ್ಮೂರಿನ ಬೈಕುಗಳು ನನಗೂ ಗೊತ್ತು.

ಆಗ ಪಾತ್ರೆ ಅಂಗಡಿಯಣ್ಣ ಎದ್ದು ನಿಂತರು. "ಅದ್ಕ್ಯಾಕ್ ಸ್ವಾಮಿ ಯೋಚ್ನೆ? ಮಣಗಟ್ಲೆ ಮೂಟೆ ಒತ್ಕಂಡ್ ಬತ್ತೀವಂತೆ, ಊವಿನಂಗಿರೋ ನಮ್ಮಕ್ಕನ್ನ ಎತ್ಕಂಡ್ ಬರಾಕಾಗಲ್ವಾ? ಅಕ್ಕನ್ನ ನಮಗ್ ಬುಡಿ. ದಿನಾ ಎತ್ಕಂಡ್ ಬತ್ತೀವಿ, ಎತ್ಕಂಡ್ ಓಯ್ತೀವಿ!"

ಚಪ್ಪಾಳೆ ಬಿತ್ತು. ಸಿಳ್ಳೆಯೂ ಬಿತ್ತು. ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ನಾನು ಮಾತಾಡಲು ಎದ್ದೆ. ಬಾಗಿಲಾಚೆ ಅಕ್ಕ ನನ್ನನ್ನೇ ನೋಡುತ್ತಿದ್ದಳು. ಕೂತುಕೋ ಎಂದು ಕೈ ಮಾಡಿದಳು. ಮುಖದಲ್ಲಿ ನಗು ಇತ್ತು, ಕೈ ಮಾತ್ರ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದಿತ್ತು.

ಮನೆಗೆ ಬಂದು ರೇಗಾಡಿದೆ. "ಬ್ಯಾಡ ಅನ್ನಕೇನಾಗಿತ್ತು ನಿಂಗೆ?"

"ಅಷ್ಟ್ ಜನ ಪಿರೀತಿಂದ ಅಂದಾಗ ಬ್ಯಾಡ ಅಂದ್ರೆ ಮಕದ ಮ್ಯಾಲ್ ಒಡ್ದಂಗಾಗಲ್ವಾ? ಬುಡು" ಅಂದಳು.

ದಾರಿ ಕೇಳಿದವರಿಗೆ ಹೆಗಲು ಕೊಡುವ ಊರು ನಮ್ಮದು. ಬೈದರೆ ತಿರುಗಿ ಬೈಯಬಹುದು, ಅಡ್ಡ ನಿಂತರೆ ತಳ್ಳಬಹುದು. ಹೆಗಲು ಕೊಟ್ಟವರನ್ನು ಏನು ಮಾಡುವುದು?

ಅವರು ಕೊಟ್ಟ ಮಾತು ತಪ್ಪಲಿಲ್ಲ. ಅದನ್ನೂ ಹೇಳಬೇಕು. ಕಲ್ಲು ನಿಂತ ಮೇಲೆ ಬೀದಿಯ ಬಾಯಲ್ಲಿದ್ದ ಔಷಧಿ ಅಂಗಡಿಯಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಇಟ್ಟರು. ಅಕ್ಕ ಗಾಡಿಯಲ್ಲಿ ಬಂದು ಹಾರನ್ ಹೊಡೆದರೆ ಯಾರಾದರೂ ಇಬ್ಬರು ಓಡಿ ಬಂದು, ಕುರ್ಚಿಯಲ್ಲಿ ಕೂರಿಸಿ ಎತ್ತುತ್ತಿದ್ದರು. ಯಾರೋ ಪುಣ್ಯಾತ್ಮರು ವೀಲ್‌ಚೇರ್ ತಂದುಕೊಟ್ಟರು, ಅದು ಕಲ್ಲಿನ ಸಂದಿಯಲ್ಲಿ ತೂರಲಿಲ್ಲ. "ಮದ್ಲಗಿತ್ತಿ ಬಂದ್ಲು, ದಾರಿ ಬುಡ್ರಪ್ಪೋ" ಅಂತ ಪಾತ್ರೆ ಅಂಗಡಿಯಣ್ಣ ಕೂಗುವರು. ಬೀದಿಯೆಲ್ಲ ನಗುವುದು. ಅಕ್ಕನೂ ನಗುವಳು, ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ಯಾರಿಗೂ ಕಾಣದ್ದು ನನಗೆ ಕಾಣುತ್ತಿತ್ತು. ಅಂಗಡಿಯಲ್ಲಿ ಬಚ್ಚಲಿರಲಿಲ್ಲ. ಮೊದಲು ಬೇಕೆನಿಸಿದಾಗ ಗಾಡಿ ಹತ್ತಿ ಮನೆಗೆ ಹೋಗಿ ಬರುತ್ತಿದ್ದಳು. ಈಗ ಅದಕ್ಕೆ ಇಬ್ಬರು ಗಂಡಸರನ್ನು ಕೂಗಿ ಕರೆಯಬೇಕು. ಅವಳು ಬೆಳಗಿನಿಂದ ನೀರು ಕುಡಿಯುವುದನ್ನೇ ಬಿಟ್ಟಳು. ಕಾಫಿ ತಂದರೆ ನನಗೆ ದಾಟಿಸುವಳು. ಬೇಸಿಗೆಯಲ್ಲೂ ಹಾಗೆಯೇ, ತುಟಿ ಒಡೆದು ಸಿಪ್ಪೆ ಏಳುತ್ತಿತ್ತು. ಸಂಜೆ ಎತ್ತುವವರು ಗಿರಾಕಿಯ ಗಡಿಬಿಡಿಯಲ್ಲಿದ್ದರೆ, ಜಗಲಿಯ ಮೇಲೆ ಕೈಕಟ್ಟಿ ಕೂತು ಕಾಯುವಳು. ಕರೆಯಲು ನಾನು ಎದ್ದರೆ, "ಸುಮ್ಕಿರು, ಅವ್ರಿಗೆ ಬ್ಯಾಪಾರ ಅದೆ" ಅನ್ನುವಳು. ಹಾಗೆ ಕೂತವಳನ್ನು ಕಂಡಾಗಲೆಲ್ಲ ನನಗೆ ಮುತ್ತತ್ತಿಯ ಬಂಡೆ ಕಣ್ಣಿಗೆ ಬರುತ್ತಿತ್ತು.

ಒಂದು ದಿನ ಮಿಷನ್ನನ್ನು ಮನೆಗೆ ತರಿಸಿಕೊಂಡಳು. ಮನೆಯಲ್ಲೇ ಹೊಲಿದರಾಯಿತು, ವಯಸ್ಸಾಯಿತು ಎಂದು ಎಲ್ಲರಿಗೂ ಹೇಳಿದಳು. ಎಲ್ಲರೂ ನಂಬಿದರು. ಪಾತ್ರೆ ಅಂಗಡಿಯಣ್ಣ ಮನೆಗೇ ಬಂದು, "ನಾವ್ ಎತ್ತಾಕೇನ್ ಬ್ಯಾಸ್ರ ಮಾಡ್ಕಂಡ್ವಾ ಅಕ್ಕಾ?" ಅಂತ ಕೇಳಿ, ಬೇಜಾರಾಗಿ ಹೋದರು. ಹಿಂದಿನ ಓಣಿಯಲ್ಲಿದ್ದ ನಮ್ಮ ಮನೆಗೆ ಗಿರಾಕಿ ಬರುವುದು ಕಮ್ಮಿಯಾಯಿತು. ಬ್ಯಾಟರಿ ಸಾಯಬಾರದೆಂದು ಅಕ್ಕ ದಿನಾ ಬೆಳಿಗ್ಗೆ ಸ್ಕೂಟರು ಸ್ಟಾರ್ಟ್ ಮಾಡಿ, ನಿಂತಲ್ಲೇ ಓಡಿಸಿ ಆಫ್ ಮಾಡುತ್ತಿದ್ದಳು. ಬರಬರುತ್ತಾ ಅದನ್ನೂ ಬಿಟ್ಟಳು. ಆ ಸದ್ದು ನಿಂತ ಮೇಲೆ ನಮ್ಮ ಮನೆಯಲ್ಲಿ ಬೆಳಗಾದದ್ದೇ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಜ್ವರ ಬಂತು. ಮೊದಲು ಇಲ್ಲೇ ತೋರಿಸಿದೆವು, ಇಳಿಯಲಿಲ್ಲವೆಂದು ಮಂಡ್ಯದ ಆಸ್ಪತ್ರೆಗೆ ಸೇರಿಸಿದೆವು. ಕಿಡ್ನಿಗೆ ನಂಜೇರಿದೆ ಅಂದರು. ನೀರು ಕುಡಿಯದೆ ಹೀಗಾಯಿತು ಎಂದು ಯಾವ ಡಾಕ್ಟರೂ ಹೇಳಲಿಲ್ಲ. ನಾನೂ ಹಾಗೆಂದು ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಮಾತ್ರ ಗಳಿಗೆಗೊಮ್ಮೆ ಅವಳ ಬಾಯಿಗೆ ನೀರಿನ ಲೋಟ ಹಿಡಿಯುತ್ತಿದ್ದೆ. ಅಲ್ಲಿಂದ ಅವಳು ವಾಪಸು ಬರಲಿಲ್ಲ.

ನಮ್ಮ ಪೇಟೆಯಲ್ಲಿ ಒಂದು ಪದ್ಧತಿ ಇದೆ. ಬೀದಿಯಲ್ಲಿ ಅಂಗಡಿ ಇಟ್ಟಿದ್ದವರು ಹೋದರೆ, ಮಣ್ಣಿಗೆ ಒಯ್ಯುವ ಮುಂಚೆ ಆ ಬೀದಿಗೆ ತಂದು, ಅವರ ಅಂಗಡಿಯ ಮುಂದೆ ಒಂದು ಗಳಿಗೆ ನಿಲ್ಲಿಸುತ್ತಾರೆ. ಅಷ್ಟು ಹೊತ್ತು ಎಲ್ಲ ಅಂಗಡಿಗಳ ಷಟರುಗಳೂ ಅರ್ಧಕ್ಕೆ ಇಳಿದಿರುತ್ತವೆ. ಹೂ ಕಟ್ಟಿದ ಚಿಕ್ಕ ವ್ಯಾನು ಅಕ್ಕನನ್ನು ಹೊತ್ತು ಬೀದಿಯ ಬಾಯಿಗೆ ಬಂತು, ಬಂದು ಕಲ್ಲುಗಳ ಮುಂದೆ ನಿಂತಿತು.

ಜನ ಸೇರಿದ್ದರು. ಪಾತ್ರೆ ಅಂಗಡಿಯಣ್ಣ ಟವಲ್ಲಿನಲ್ಲಿ ಮುಖ ಒರೆಸಿಕೊಂಡು ಮುಂದೆ ಬಂದರು. "ಇಡ್ಕಳ್ರಲಾ. ನಮ್ಮಕ್ಕನ್ನ ನಾವೇ ಎತ್ಕಂಡೋಗನ" ಎಂದು ವ್ಯಾನಿನ ಬಾಗಿಲಿಗೆ ಕೈ ಹಾಕಿದರು.

ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. "ಎತ್ಬ್ಯಾಡಿ" ಅಂದೆ.

"ಯಾಕವ್ವಾ?"

"ಅವ್ಳಿಗೆ ಎತ್ತುಸ್ಕಳದು ಕಂಡ್ರಾಗ್ತಿರ್ಲಿಲ್ಲ ಕಣಣ್ಣ. ಯಾವತ್ತೂ ಆಗ್ತಿರ್ಲಿಲ್ಲ. ನಿಮ್ಗೆ ಬ್ಯಾಸ್ರಾಯ್ತದೆ ಅಂತ ಏಳ್ಲಿಲ್ಲ. ಇವತ್ತೊಂದಿನ ಚಕ್ರದ ಮ್ಯಾಲೇ ಓಗ್ಲಿ ಬುಡಿ."

ಅಣ್ಣ ನನ್ನ ಮುಖವನ್ನೇ ನೋಡುತ್ತಾ ನಿಂತರು. ಆಮೇಲೆ ತಿರುಗಿ ಬಿರಬಿರನೆ ತಮ್ಮ ಅಂಗಡಿಗೆ ಹೋದರು, ಹಾರೆ ಹಿಡಿದುಕೊಂಡು ಬಂದರು. ನಡುಗಲ್ಲಿನ ಬುಡಕ್ಕೆ ಹಾರೆ ಕೊಟ್ಟು ಮೀಟಿದರು. ಸಿಮೆಂಟನ್ನು ನೆಪಕ್ಕೆ ಮೆತ್ತಿದ್ದರು. ಇನ್ನಿಬ್ಬರು ಕೈ ಹಾಕಿದರು. ಒಂದು ಲೋಟ ಕಾಫಿ ಆರುವಷ್ಟರಲ್ಲಿ ಕಲ್ಲು ಎದ್ದು ಬಂದು ದೊಡ್ಡ ರಸ್ತೆಯ ಚರಂಡಿಯ ಪಕ್ಕಕ್ಕೆ ಉರುಳಿತು.

ಅಣ್ಣ ಹಾರೆಯನ್ನು ಕೆಳಗೆ ಹಾಕಿ ಆ ಕಲ್ಲಿನ ಮೇಲೇ ಕುಸಿದು ಕೂತರು. "ಇಷ್ಟೇಯಾ?" ಅಂದರು. ನನ್ನನ್ನು ಕೇಳಿದರೋ, ಕಲ್ಲನ್ನು ಕೇಳಿದರೋ. "ಇಷ್ಟೇ ಆಗಿತ್ತಾ ಇದು?" ಅಂದವರೇ, ಮಕ್ಕಳ ಹಾಗೆ ಬಾಯಿ ಬಿಟ್ಟು ಅತ್ತರು. ನನಗೆ ಅವರ ಮೇಲೆ ಇದ್ದ ಸಿಟ್ಟು ಅವತ್ತೇ ಹೋಯಿತು. ದುಃಖ ಹೋಗಲಿಲ್ಲ.

ವ್ಯಾನು ಎರಡೂ ಕಡೆ ಉಜ್ಜಿಕೊಂಡಂತೆ ನುಸುಳಿ, ಚಪ್ಪಡಿಯ ಮೇಲೆ ಮೆಲ್ಲಗೆ ಉರುಳಿತು. ಷಟರುಗಳು ಒಂದೊಂದಾಗಿ ಅರ್ಧಕ್ಕೆ ಇಳಿದವು. ಅವಳು ಅಳತೆ ನೋಡಿ ಕಟ್ಟಿಸಿದ್ದ ಜಗಲಿಗೆ ತಾಗುವಂತೆ ಡ್ರೈವರು ನಿಲ್ಲಿಸಿದ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಕಲ್ಲು ಇನ್ನೂ ಚರಂಡಿಯ ಪಕ್ಕದಲ್ಲೇ ಬಿದ್ದಿದೆ, ಬಸ್ಸಿಗೆ ಕಾಯುವ ಹಳ್ಳಿಯ ಹೆಂಗಸರು ಅದರ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ಯಾರೂ ಅದನ್ನು ಮತ್ತೆ ನೆಡಲಿಲ್ಲ. ಇಂಜಿನಿಯರು ಹೆದರಿದಂತೆ ಮೊದಮೊದಲು ಒಂದಿಬ್ಬರು ಬೈಕಿನವರು ನುಗ್ಗಿದ್ದುಂಟು. ಪಾತ್ರೆ ಅಂಗಡಿಯಣ್ಣ ಅಡ್ಡ ನಿಂತು, "ಇಳ್ಯೋ ಲೇ, ಅದು ನಮ್ಮಕ್ಕನ ದಾರಿ" ಅಂದರು. ಈಗ ಯಾರೂ ನುಗ್ಗುವುದಿಲ್ಲ.

ತರಕಾರಿಗೆ ಹೋಗುವಾಗ ನಾನೂ ಆ ಸಂದಿಯಲ್ಲೇ ನಡೆದು ಹೋಗುತ್ತೇನೆ. ಅವಳಿದ್ದಿದ್ದರೆ ಅವಳ ಗಾಡಿ ಅದರಲ್ಲಿ ಆರಾಮಾಗಿ ಹೋಗುತ್ತಿತ್ತು.