ಜೂರಾಳ ಅಂಗೈ

ಜೂರಾ ಆ ಮನೆಯ ಕಿರಿಯ ಸೊಸೆ. ನಾರಿನ್ ಕಣಿವೆಯ ಆ ಹಳ್ಳಿಯಲ್ಲಿ ಅವಳಷ್ಟು ಬೇಗ ಹೆಣ್ಣುಕುದುರೆಯ ಹಾಲು ಕರೆಯುವವರು ಇನ್ನೊಬ್ಬರಿರಲಿಲ್ಲ. ಮಾತು ಕಮ್ಮಿ, ಕೆಲಸ ಹೆಚ್ಚು. ಇಂಥ ಸೊಸೆಯರನ್ನು ಎಲ್ಲರೂ ಹೊಗಳುತ್ತಾರೆ, ಯಾರೂ ಏನೂ ಕೇಳುವುದಿಲ್ಲ.

ಅವಳ ಚೊಚ್ಚಲ ಗಂಡುಮಗುವಿಗೆ ನಲವತ್ತು ದಿನ ತುಂಬಿದಾಗ ಮಾವ ಸಿದೀಕ್ ಕುರಿ ಕಡಿಸಿದ. ಹಿರಿಯ ಸೊಸೆ ಬಾತ್ಮಾಗೆ ಮದುವೆಯಾಗಿ ಹನ್ನೊಂದು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಅಣ್ಣನಿಗೆ ಮಕ್ಕಳಿಲ್ಲದಿದ್ದರೆ ತಮ್ಮನ ಮಗುವನ್ನು ಕೊಡುವುದು ಅಲ್ಲಿ ಹೊಸದೇನಲ್ಲ, ಆದರೆ ಹೆತ್ತವಳು ಒಪ್ಪಬೇಕು. ಜೂರಾ ಹಿಂದಿನ ದಿನವೇ ಗಂಡ ಕುಬಾತನಿಗೆ ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ಮುಂದಿನದು ಬೇಕಾದ್ರೆ ಕೊಡ್ತೀನಿ. ಇದನ್ನ ಮಾತ್ರ ಕೇಳ್ಬೇಡಿ." ಅವನು ಅದನ್ನು ಅಪ್ಪನಿಗೆ ಮುಟ್ಟಿಸಲಿಲ್ಲ. ಅಪ್ಪನೆದುರು ಬಾಯಿ ಬಿಡುವ ಗಂಡಸಲ್ಲ ಅವನು.

ಊಟ ಮುಗಿದಿತ್ತು. ಜೂರಾ ಚಹಾದ ಕೆಟಲ್ ಹಿಡಿದು ಒಳಬರುವಷ್ಟರಲ್ಲಿ ಮುದುಕ ಅಂಗೈ ಮೇಲೆತ್ತಿ ಹರಸುತ್ತಿದ್ದ. ಹಿರಿಯರು ಹರಸುವಾಗ ಯಾರೂ ಕೈಕಟ್ಟಿ ನಿಲ್ಲುವುದಿಲ್ಲ. ಹುಟ್ಟಿದಾಗಿನಿಂದ ಬಂದ ರೂಢಿ. ಅವಳು ಕೆಟಲ್ ಕೆಳಗಿಟ್ಟು ಅಂಗೈ ಚಾಚಿದಳು, ಎಲ್ಲರೊಟ್ಟಿಗೆ "ಓಮಿನ್", ಹಾಗೇ ಆಗಲಿ, ಎಂದು ಮುಖ ಸವರಿಕೊಂಡಳು. ಮುದುಕ ಹರಸಿದ್ದು ಏನೆಂದು ತಿಳಿದದ್ದು ಆಮೇಲೆ: ಈ ಮಗು ಇವತ್ತಿನಿಂದ ಹಿರಿಯ ಮಗನ ಮಗುವಾಗಿ ಅವನ ಒಲೆಯ ಬೆಂಕಿ ಕಾಯಲಿ.

ಅಂಗೈ ಮುಖದಿಂದ ಇಳಿದರೆ ಒಪ್ಪಿದ ಹಾಗೆ, ಮಾತು ಮುಗಿಯಿತು. ಹಿಂತೆಗೆದರೆ ಮಗುವಿಗೇ ಕೇಡು ಎನ್ನುತ್ತಾರೆ. ಯಾವ ತಾಯಿ ತಾನೇ ಅದನ್ನು ಪರೀಕ್ಷೆ ಮಾಡಿ ನೋಡಿಯಾಳು?

"ನಾನು ಕೇಳಿಸ್ಕೊಳ್ಳಲೇ ಇಲ್ಲ ಮಾವಾ," ಅಂದಳು ಜೂರಾ.

"ನಿನ್ನ ಕೈ ನಾವೆಲ್ಲ ನೋಡಿದ್ವಲ್ಲ ಮಗಳೇ," ಅಂದ ಮುದುಕ, ಮೆಲ್ಲಗೇ.

ಆಮೇಲೆ ಅವಳಿಗೆ ಬಸಿರು ನಿಲ್ಲಲೇ ಇಲ್ಲ. ಮಗು ನೂರ್ದೀನ್ ಎರಡು ಬೇಲಿ ಆಚೆ ಬೆಳೆದ, ಅವಳನ್ನು ಚಿಕ್ಕಮ್ಮ ಎಂದ. ಹೆತ್ತವಳು ಯಾರೆಂದು ಅವನಿಗೆ ಹೇಳಕೂಡದೆಂದು ಮಾವ ಊರಿಗೇ ಕಟ್ಟಪ್ಪಣೆ ಮಾಡಿದ್ದ. ವಾರಗಿತ್ತಿ ಕೆಟ್ಟವಳಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು; ಬಾತ್ಮಾ ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದಳು.

ಮೂವತ್ತೆರಡು ವರ್ಷದ ಮೇಲೆ ಬಾತ್ಮಾ ತೀರಿಕೊಂಡಳು. ಅಷ್ಟರಲ್ಲಿ ಮಾವನೂ ಭಾವನೂ ಗಂಡನೂ ಮಣ್ಣು ಸೇರಿ, ಜೂರಾಳನ್ನು ತಡೆಯುವವರು ಯಾರೂ ಉಳಿದಿರಲಿಲ್ಲ. ಇನ್ನು ಹೇಳಿಬಿಡುತ್ತೇನೆ ಎಂದುಕೊಂಡೇ ಅವಳು ಸಾವಿನ ಮನೆಗೆ ಹೋದಳು. ಶವ ಇಡಲು ಅಂಗಳದಲ್ಲಿ ಹಾಕಿದ್ದ ಡೇರೆಯ ಹೊರಗೆ ನಿಂತು ಗೋಳಾಡುತ್ತಿದ್ದ ನೂರ್ದೀನ್ ಅವಳನ್ನು ಕಂಡವನೇ ಭುಜಕ್ಕೆ ಒರಗಿದ.

"ಚಿಕ್ಕಮ್ಮಾ, ನನ್ನ ಹೆತ್ತವಳು ಹೋದ್ಲು. ಇನ್ನು ನನಗ್ಯಾರಿದಾರೆ?"

ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು. ಇವತ್ತು ಹೇಳಿದರೆ ಅವನಿಗೆ ಅಳುವುದಕ್ಕೂ ತಾಯಿ ಉಳಿಯುವುದಿಲ್ಲ. ಜೂರಾ ಅವನ ಬೆನ್ನು ನೇವರಿಸಿದಳು.

"ಅಳಪ್ಪ," ಅಂದಳು. "ಅಂಥ ತಾಯಿ ಎಲ್ರಿಗೂ ಸಿಗಲ್ಲ."